ಓದುಗರ ಪ್ರಶ್ನೆ: ಕರೆಂಟ್ ಹೋಗಿ ಬಂದರೆ ಪ್ರಿಂಟರ್ ‘ಆಫ್‌ಲೈನ್’ ಆಗುವುದೇಕೆ?

ಪ್ರಶ್ನೆ: ನಮ್ಮದು ಸಣ್ಣ ಪತ್ತಿನ ಸಹಕಾರ ಸಂಘ. ನಾಲ್ಕು ಕಂಪ್ಯೂಟರ್‌ಗಳಿಗೂ ಸೇರಿ ಒಂದೇ ಲೇಸರ್ ಪ್ರಿಂಟರ್ ಇದ್ದು, ವೈಫೈ ಮೂಲಕ ಕೆಲಸ ಮಾಡುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಎಷ್ಟೋ ಸಲ ಮೂರು ಕಂಪ್ಯೂಟರ್‌ಗಳಲ್ಲಿ ‘ಪ್ರಿಂಟರ್ ಆಫ್‌ಲೈನ್’ ಎಂದು ಬರುತ್ತದೆ. ಕ್ಯಾಷಿಯರ್ ಅವರ ಕಂಪ್ಯೂಟರ್‌ನಿಂದ ಮಾತ್ರ, ಅದೂ ವೈಫೈಯಲ್ಲೇ, ಪ್ರಿಂಟ್ ಬರುತ್ತದೆ. ಸರ್ವಿಸ್‌ನವರು ಬಂದಾಗಲೆಲ್ಲ ಡ್ರೈವರ್ (ಪ್ರಿಂಟರ್ ನಡೆಸುವ ತಂತ್ರಾಂಶ) ತೆಗೆದು ಮತ್ತೆ ಹಾಕಿ ಹೋಗುತ್ತಾರೆ. ಈಗ ಹೊಸ ಪ್ರಿಂಟರ್ ಕೊಳ್ಳಿ ಎನ್ನುತ್ತಿದ್ದಾರೆ. ಆಡಳಿತ ಮಂಡಳಿಯ ಮುಂದೆ ವಿಷಯ ಇಡುವ ಮೊದಲು ತಮ್ಮ ಸಲಹೆ ಬೇಕು.
– ಸಂಘದ ಕಾರ್ಯದರ್ಶಿ, ತುಮಕೂರು ಜಿಲ್ಲೆ

ಉತ್ತರ: ಹೊಸ ಪ್ರಿಂಟರ್ ಕೊಳ್ಳುವ ಅಗತ್ಯ ಕಾಣುವುದಿಲ್ಲ. ಕ್ಯಾಷಿಯರ್ ಅವರಿಗೆ ಪ್ರಿಂಟ್ ಬರುತ್ತಿದೆಯೆಂದ ಮೇಲೆ ಯಂತ್ರವೂ ಅದರ ವೈಫೈಯೂ ಸರಿಯಾಗಿಯೇ ಇವೆ. ಬದಲಾಗುತ್ತಿರುವುದು ಪ್ರಿಂಟರ್‌ನ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಎಂದು ನಿಮ್ಮ ವಿವರಗಳೇ ಹೇಳುತ್ತವೆ.

ಪ್ರಿಂಟರ್‌ಗೆ ವಿಳಾಸ ಕೊಡುವುದು ರೌಟರ್, ಅಂದರೆ ವೈಫೈ ಒದಗಿಸುವ ಪೆಟ್ಟಿಗೆ. ಯಾರಿಗೆ ಯಾವ ವಿಳಾಸ ಕೊಟ್ಟೆನೆಂಬ ಪಟ್ಟಿಯನ್ನು ಅನೇಕ ಸಣ್ಣ ರೌಟರ್‌ಗಳು ತಾತ್ಕಾಲಿಕ ಮೆಮೊರಿಯಲ್ಲಷ್ಟೇ ಇಟ್ಟುಕೊಳ್ಳುವುದರಿಂದ, ಕರೆಂಟ್ ಹೋದೊಡನೆ ಅದು ಅಳಿಸಿಹೋಗುತ್ತದೆ. ಮತ್ತೆ ಕರೆಂಟ್ ಬಂದಾಗ ನಿನ್ನೆ 192.168.1.5 ಆಗಿದ್ದ ಪ್ರಿಂಟರ್ ಇಂದು 192.168.1.9 ಆಗಿರಬಹುದು, ಹಳೆಯ ವಿಳಾಸ ಸಿಬ್ಬಂದಿಯೊಬ್ಬರ ಮೊಬೈಲ್‌ಗೆ ಸಿಕ್ಕಿರಲೂಬಹುದು. ನಿಮ್ಮ ಮೂರು ಕಂಪ್ಯೂಟರ್‌ಗಳು ಮಾತ್ರ ಹಳೆಯ ವಿಳಾಸಕ್ಕೇ ಕಾಗದಗಳನ್ನು ಕಳುಹಿಸುತ್ತಿರುತ್ತವೆ. ಕ್ಯಾಷಿಯರ್ ಅವರ ಕಂಪ್ಯೂಟರ್‌ನಲ್ಲಿ ಪ್ರಿಂಟರನ್ನು ಬಹುಶಃ ವಿಳಾಸದ ಬದಲು ಪ್ರಿಂಟರ್‌ನ ಸ್ವಂತ ಗುರುತಿನಿಂದ ಹುಡುಕುವ ‘ಡಬ್ಲ್ಯೂಎಸ್‌ಡಿ’ ಪೋರ್ಟ್‌ನಲ್ಲಿ (ಪೋರ್ಟ್ ಎಂದರೆ ಕಂಪ್ಯೂಟರ್ ಪ್ರಿಂಟರನ್ನು ತಲುಪುವ ದಾರಿ) ಸೇರಿಸಿದ್ದಾರೆ. ಹಾಗಾಗಿ ವಿಳಾಸ ಬದಲಾದರೂ ಅದಕ್ಕೆ ಪ್ರಿಂಟರ್ ಸಿಗುತ್ತದೆ. ಡ್ರೈವರ್ ಮತ್ತೆ ಹಾಕಿದಾಗ ಸರಿಹೋಗುವುದಕ್ಕೆ ಕಾರಣವೂ ಇದೇ: ಡ್ರೈವರ್‌ನಿಂದ ಏನೂ ಆಗಿರುವುದಿಲ್ಲ, ಆ ನೆಪದಲ್ಲಿ ಹೊಸ ವಿಳಾಸ ದಾಖಲಾಗುತ್ತದೆ, ಅಷ್ಟೆ. ಕಂಪ್ಯೂಟರ್‌ನ ಪ್ರಿಂಟರ್‌ಗಳ ಪಟ್ಟಿ ತೆರೆದು ನೋಡಿ. ಒಂದೇ ಪ್ರಿಂಟರ್‌ನ ಹೆಸರು ‘ಕಾಪಿ 1’, ‘ಕಾಪಿ 2’ ಎಂದು ಸಾಲಾಗಿ ನಿಂತಿದ್ದರೆ ಅವು ಹಿಂದಿನ ರಿಪೇರಿಗಳ ಅವಶೇಷಗಳು.

ಮುಂದಿನ ಸಲ ತೊಂದರೆಯಾದಾಗ ಪ್ರಿಂಟರ್‌ನ ಮೆನುವಿನಿಂದಲೇ ನೆಟ್‌ವರ್ಕ್ ವಿವರದ ಪುಟವನ್ನು ಪ್ರಿಂಟ್ ಮಾಡಿ, ಅದರಲ್ಲಿರುವ ಐಪಿ ವಿಳಾಸವನ್ನು ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಟೈಪ್ ಮಾಡಿ. ಪ್ರಿಂಟರ್‌ನದೇ ಪುಟ ತೆರೆದುಕೊಂಡರೆ ಸಂಪರ್ಕ ಸರಿಯಿದೆಯೆಂದರ್ಥ. ‘ಪಿಂಗ್’ ಮಾಡಿ, ಅಂದರೆ ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳುಹಿಸಿ ಉತ್ತರ ಬರುತ್ತದೆಯೇ ಎಂದು ನೋಡುವುದಕ್ಕಿಂತ ಈ ಪರೀಕ್ಷೆಯೇ ಮೇಲು, ಏಕೆಂದರೆ ಹಳೆಯ ವಿಳಾಸಕ್ಕೆ ಪಿಂಗ್ ಮಾಡಿದಾಗ ಆ ಮೊಬೈಲೇ ಉತ್ತರ ಕೊಟ್ಟು ನಿಮ್ಮನ್ನು ದಾರಿ ತಪ್ಪಿಸಬಹುದು. ಪುಟದಲ್ಲಿ 169.254 ಎಂದು ಆರಂಭವಾಗುವ ವಿಳಾಸವಿದ್ದರೆ ವಿಷಯ ಬೇರೆ: ರೌಟರ್‌ನಿಂದ ವಿಳಾಸ ಸಿಗದೆ ಪ್ರಿಂಟರ್ ತಾನೇ ಒಂದನ್ನು ಹಾಕಿಕೊಂಡಿದೆ. ಆಗ ರೌಟರ್ ಪೂರ್ತಿ ಚಾಲೂ ಆದ ಮೇಲೆ ಪ್ರಿಂಟರನ್ನು ಆರಿಸಿ ಮತ್ತೆ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಶಾಶ್ವತ ಪರಿಹಾರ ರೌಟರ್‌ನಲ್ಲಿದೆ. ಅದೇ ವಿವರದ ಪುಟದಲ್ಲಿ ಪ್ರಿಂಟರ್‌ನ ಮ್ಯಾಕ್ ವಿಳಾಸವೂ (ತಯಾರಕರೇ ಕೊಟ್ಟ, ಬದಲಾಗದ ಗುರುತು) ಇರುತ್ತದೆ. ರೌಟರ್‌ನ ಸೆಟ್ಟಿಂಗ್‌ನಲ್ಲಿ ‘ಅಡ್ರೆಸ್ ರಿಸರ್ವೇಶನ್’ ಎಂಬಲ್ಲಿ ಆ ಮ್ಯಾಕ್ ವಿಳಾಸಕ್ಕೆ ಒಂದು ಐಪಿ ವಿಳಾಸವನ್ನು ಕಾಯ್ದಿರಿಸಿದರೆ, ಎಷ್ಟು ಸಲ ಕರೆಂಟ್ ಹೋದರೂ ಪ್ರಿಂಟರ್‌ಗೆ ಅದೇ ಸಿಗುತ್ತದೆ. ಪ್ರಿಂಟರ್‌ನಲ್ಲೇ ಸ್ಥಿರ ವಿಳಾಸ ಬರೆದಿಡುವುದನ್ನು ಕೆಲವರು ಇಷ್ಟಪಡುತ್ತಾರೆ, ಆದರೆ ರೌಟರ್ ಅದನ್ನೇ ಬೇರೊಂದು ಸಾಧನಕ್ಕೂ ಹಂಚಿ ಇಬ್ಬರಿಗೂ ತಕರಾರಾಗುವ ಸಂಭವವಿರುವುದರಿಂದ ನನ್ನ ಒಲವು ಮೊದಲಿನದರ ಕಡೆಗೆ. ಆಮೇಲೆ ಮೂರು ಕಂಪ್ಯೂಟರ್‌ಗಳಲ್ಲಿ ‘ಪ್ರಿಂಟರ್ ಪ್ರಾಪರ್ಟೀಸ್’ ತೆರೆದು, ‘ಪೋರ್ಟ್ಸ್’ ವಿಭಾಗದಲ್ಲಿ ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್’ ಆಯ್ದು, ಕಾಯ್ದಿರಿಸಿದ ವಿಳಾಸವನ್ನು ಒಮ್ಮೆ ಕೊಟ್ಟರೆ ಸಾಕು, ಡ್ರೈವರ್ ಮುಟ್ಟಬೇಕಾಗಿಲ್ಲ. ಪ್ರಿಂಟರ್‌ನ ಪುಟ ತೆರೆಯುತ್ತಿದ್ದರೂ ಯಾವುದೋ ಒಂದು ಕಂಪ್ಯೂಟರ್ ‘ಆಫ್‌ಲೈನ್’ ಎಂದು ಹಟ ಹಿಡಿದರೆ, ಅದೇ ಪೋರ್ಟ್‌ನ ಸೆಟ್ಟಿಂಗ್‌ನಲ್ಲಿ ‘ಎಸ್‌ಎನ್‌ಎಂಪಿ ಸ್ಟೇಟಸ್’ (ಪ್ರಿಂಟರ್‌ನ ಸ್ಥಿತಿಯನ್ನು ಕೇಳಿ ತಿಳಿಯುವ ವ್ಯವಸ್ಥೆ) ಎಂಬುದರ ಮುಂದಿನ ಟಿಕ್ ತೆಗೆದು ನೋಡಿ.

ಇನ್ನೊಂದು ಮಾತು. ರೌಟರ್‌ಗೆ ಒಂದು ಸಣ್ಣ ಯುಪಿಎಸ್ ಹಾಕಿಸಿದರೆ ಒಳ್ಳೆಯದೇ, ಆದರೆ ಲೇಸರ್ ಪ್ರಿಂಟರನ್ನು ಅದಕ್ಕೆ ಸೇರಿಸಬೇಡಿ; ಅದರೊಳಗಿನ ಬಿಸಿ ರೋಲರ್ ಒಮ್ಮೆಲೇ ಎಳೆಯುವ ಕರೆಂಟನ್ನು ಕಚೇರಿಯ ಸಣ್ಣ ಯುಪಿಎಸ್‌ಗಳು ತಡೆದುಕೊಳ್ಳುವುದಿಲ್ಲ.

ಪ್ರಶ್ನೆ: ಹೊಸ ರೌಟರ್ ಹಾಕಿಸಿದ ಮೇಲೆ ಕಚೇರಿಯ ಹಳೆಯ ಪ್ರಿಂಟರ್‌ಗೆ ನಮ್ಮ ವೈಫೈಯ ಹೆಸರೇ ಕಾಣುತ್ತಿಲ್ಲ. ಮೊಬೈಲ್‌ಗಳಿಗೆ ಕಾಣುತ್ತದೆ.
– ಓದುಗರೊಬ್ಬರು, ಶಿರಸಿ

ಉತ್ತರ: ಹಳೆಯ ಪ್ರಿಂಟರ್‌ಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಯನ್ನಷ್ಟೇ ಹಿಡಿಯುತ್ತವೆ; ಹೊಸ ರೌಟರ್ 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಬಿತ್ತರಿಸುತ್ತಿದ್ದರೆ ಅವುಗಳಿಗೆ ಅದು ಇಲ್ಲದಂತೆಯೇ. ರೌಟರ್‌ನಲ್ಲಿ 2.4 ಅನ್ನು ಚಾಲೂ ಮಾಡಿಸಿ, ಅದಕ್ಕೆ ಹಳೆಯ ರೌಟರ್‌ನಲ್ಲಿದ್ದ ಹೆಸರನ್ನೂ ಪಾಸ್‌ವರ್ಡನ್ನೂ ಹಾಗೆಯೇ ಕೊಡಿಸಿದರೆ ಪ್ರಿಂಟರ್ ಸಾಮಾನ್ಯವಾಗಿ ತಾನಾಗಿಯೇ ಸೇರಿಕೊಳ್ಳುತ್ತದೆ. ಹೆಸರು ಕಂಡೂ ಸೇರದಿದ್ದರೆ ರೌಟರ್‌ನಲ್ಲಿ ವೈಫೈಯ ಭದ್ರತಾ ವಿಧಾನವನ್ನು ಹೊಸದಾದ ಡಬ್ಲ್ಯೂಪಿಎ3 ಬದಲು ಹಿಂದಿನ ಡಬ್ಲ್ಯೂಪಿಎ2ಕ್ಕೆ ಇಡಿಸಿ. ‘ಗೆಸ್ಟ್’ ವೈಫೈಗೆ ಮಾತ್ರ ಪ್ರಿಂಟರನ್ನು ಸೇರಿಸಬೇಡಿ, ಅಲ್ಲಿರುವ ಸಾಧನಗಳು ಕಚೇರಿಯ ಕಂಪ್ಯೂಟರ್‌ಗಳಿಗೆ ಸಾಮಾನ್ಯವಾಗಿ ಸಿಗುವುದಿಲ್ಲ.