ರ‍್ಯಾಂಕ್ ಎಷ್ಟು?

(ಹೆಸರು, ಊರು, ಒಂದೆರಡು ವಿವರ ಬದಲಿಸಿದ್ದೇನೆ. ಬರೆಯಲು ಆ ಹುಡುಗಿಯ ಒಪ್ಪಿಗೆ ಇದೆ.)

ಸವಿತಾಳನ್ನು ಕಾಲೇಜಿನ ಕೌನ್ಸೆಲರ್ ಆದ ನನ್ನ ಹತ್ತಿರ ಕಳಿಸಿದ್ದು ಅವಳ ಲೆಕ್ಚರರ್. "ಕ್ಲಾಸಿಗೆ ಬರ್ತಾಳೆ, ಬಾಯಿ ಬಿಡಲ್ಲ. ಈಗೀಗ ಲ್ಯಾಬೂ ತಪ್ಪಿಸ್ತಿದ್ದಾಳೆ" ಎಂದಿದ್ದರು. ಮೈಸೂರಿನ ಒಂದು ಎಂಜಿನಿಯರಿಂಗ್ ಕಾಲೇಜು, ಮೊದಲ ಸೆಮಿಸ್ಟರ್. ಊರು ಚಾಮರಾಜನಗರದ ಕಡೆ. ಅಪ್ಪನದು ಗಾರೆ ಕೆಲಸ, ಅಮ್ಮ ಅಂಗನವಾಡಿ ಸಹಾಯಕಿ.

ಮೊದಲ ದಿನವೇ ನಾನು ಎಡವಿದೆ. ನಮ್ಮಲ್ಲಿ ಹೊಸಬರಿಗೆ ಒಂದು ಫಾರಂ ಇದೆ. ಹೆಸರು, ಬ್ರಾಂಚ್, ಹಾಸ್ಟೆಲ್ ಎಂದು ಕೇಳುತ್ತಾ ತುಂಬಿಸುತ್ತಿದ್ದೆ. ಮುಂದಿನ ಕಾಲಂ ಬಂತು. "ಸಿಇಟಿ ರ‍್ಯಾಂಕ್ ಎಷ್ಟಮ್ಮ?" ಎಂದೆ. ಹುಡುಗಿ ಸುಮ್ಮನಾದಳು. ಆಮೇಲೆ ಇಪ್ಪತ್ತು ನಿಮಿಷ "ಹೂಂ", "ಇಲ್ಲ ಮೇಡಂ" ಬಿಟ್ಟು ಬೇರೆ ಮಾತಿಲ್ಲ. ನಾಚಿಕೆಯ ಹುಡುಗಿ ಎಂದುಕೊಂಡೆ. ಇಷ್ಟು ವರ್ಷ ಈ ಕುರ್ಚಿಯಲ್ಲಿ ಕೂತು ಕಲಿತದ್ದು ಇದೇನಾ ಅಂತ ಈಗ ಅನಿಸುತ್ತದೆ.

ಎರಡನೇ ಸಲ ಬಂದಾಗ ಅವಳೇ ಹೇಳಿದಳು. ಹಾಸ್ಟೆಲಿಗೆ ಬಂದ ಮೊದಲ ರಾತ್ರಿ ರೂಂಮೇಟ್ ಕೇಳಿದ ಮೊದಲ ಪ್ರಶ್ನೆಯೂ ಅದೇ. ಈಗಿನ ಕಾಲದಲ್ಲಿ ಯಾರೂ ಬಾಯಿಬಿಟ್ಟು ಜಾತಿ ಕೇಳುವುದಿಲ್ಲ. ರ‍್ಯಾಂಕ್ ಕೇಳುತ್ತಾರೆ. ಕಾಲೇಜಿನ ಕಟಾಫ್ ಪಟ್ಟಿ ಎಲ್ಲರ ಮೊಬೈಲಿನಲ್ಲೂ ಇರುತ್ತದೆ. ಜಿಎಂ (ಜನರಲ್ ಮೆರಿಟ್, ಮೀಸಲಾತಿ ಇಲ್ಲದ್ದು), 2ಎಜಿ, ಎಸ್‌ಸಿಆರ್ ಎಂದು ಒಂದೊಂದು ಗುಂಪಿಗೆ ಒಂದೊಂದು ಗುರುತು, ಸಾಲುಸಾಲು ಅಕ್ಷರ. ನಂಬರ್ ಸಿಕ್ಕರೆ ಯಾವ ಕಾಲಮ್ಮಿನಲ್ಲಿ ಬಂದವಳು ಅಂತ ಹುಡುಕುವುದು ಎರಡು ನಿಮಿಷದ ಕೆಲಸ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಬಂದವರ ರ‍್ಯಾಂಕನ್ನು ಮಾತ್ರ ಯಾರೂ ಕೇಳುವುದಿಲ್ಲ, ಅದನ್ನು ಗಮನಿಸಿದ್ದೀರಾ?

ಸವಿತಾ ಆ ರಾತ್ರಿ ಸುಳ್ಳು ಹೇಳಿದಳು. ನಿಜವಾದ ರ‍್ಯಾಂಕಿಗಿಂತ ಎಷ್ಟೋ ಸಾವಿರ ಮೇಲಿನದು. ಅಷ್ಟು ಒಳ್ಳೆ ರ‍್ಯಾಂಕಿನವಳು ಗಣಿತದಲ್ಲಿ ಡೌಟ್ ಕೇಳುವುದು ಹೇಗೆ? ಕೇಳಲಿಲ್ಲ. ಲ್ಯಾಬಿನಲ್ಲಿ ವೈವಾ ಇದ್ದರೆ ಗುಟ್ಟು ರಟ್ಟಾಗುತ್ತದೆಂದು ಅತ್ತ ಹೋಗುವುದನ್ನೂ ಬಿಟ್ಟಳು. ಎಲ್ಲಕ್ಕಿಂತ ದುಬಾರಿಯಾದದ್ದು ಸ್ಕಾಲರ್‌ಶಿಪ್. ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ ಹಾಕಿದರೆ ಹೆಸರು ನೋಟಿಸ್ ಬೋರ್ಡಿನ ಪಟ್ಟಿಗೆ ಬರುತ್ತದೆ ಎಂದು ಅರ್ಜಿಯನ್ನೇ ಹಾಕಿರಲಿಲ್ಲ. ಅತ್ತ ಊರಿನಲ್ಲಿ ಅಪ್ಪ ಸಾಲಕ್ಕೆ ಅಲೆಯುತ್ತಿದ್ದರು.

ರೂಂಮೇಟ್ ಕೆಟ್ಟವಳು ಅಂತ ಸವಿತಾ ಒಂದು ಸಲವೂ ಹೇಳಲಿಲ್ಲ. ಆ ಹುಡುಗಿಯ ತಮ್ಮ ರಾತ್ರಿ ಹಗಲು ಓದಿಯೂ ಬೇಕಾದ ಸೀಟು ಸಿಗದೆ ಮನೆಯಲ್ಲಿ ಕೂತಿದ್ದಾನಂತೆ. ಆ ನೋವು ಸುಳ್ಳಲ್ಲ. ಒಂದು ರಾತ್ರಿ ಹನ್ನೊಂದು ಗಂಟೆಗೆ ಫೋನಿನಲ್ಲಿ, "ಕೋಟಾದೋರು ನಮ್ಮ ಸೀಟು ತಿಂದ್ಕೊಂಡ್ರು" ಎನ್ನುತ್ತಿದ್ದಳಂತೆ. ಸವಿತಾ ಗೋಡೆ ಕಡೆ ತಿರುಗಿ ಮಲಗಿದ್ದಳು.

"ನಾನು ಆ ಹುಡುಗನ ಸೀಟು ಕಿತ್ಕೊಂಡೆನಾ ಮೇಡಂ?"

ಇಂಥ ಪ್ರಶ್ನೆಗೆ "ಹಾಗೆಲ್ಲಾ ಯೋಚನೆ ಮಾಡಬೇಡ" ಎಂದರೆ ಮುಗಿಯುವುದಿಲ್ಲ. ಹಾಗಾಗಿ ಪೇಪರ್ ತೆಗೆದು ಲೆಕ್ಕ ಹಾಕಿದೆವು. ಸಿಇಟಿ ಸೀಟುಗಳು ಯಾವ ಗುಂಪಿಗೆ ಎಷ್ಟು ಎಂಬುದು ಒಬ್ಬ ಹುಡುಗನೂ ಆಪ್ಷನ್ ತುಂಬುವ ಮೊದಲೇ ನಿಗದಿಯಾಗಿರುತ್ತದೆ. 2022ರಿಂದ ಪರಿಶಿಷ್ಟ ಜಾತಿಗೆ ಶೇ 17, ಪರಿಶಿಷ್ಟ ಪಂಗಡಕ್ಕೆ ಶೇ 7. ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಎಲ್ಲ ಗುಂಪಿನ ಒಳಗೂ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5. ಅವಳು ಕೂತಿರುವುದು ಆ ಲೆಕ್ಕದ ಒಳಗಿನ ಸೀಟಿನಲ್ಲಿ. ಅದು ಆ ಹುಡುಗನ ಹೆಸರಿಗೆ ಯಾವತ್ತೂ ಬರೆದಿರಲಿಲ್ಲ. ಆಮೇಲೆ ಆ ಹುಡುಗನ ರ‍್ಯಾಂಕನ್ನೂ ನೋಡಿದೆವು, ಅಕ್ಕನೇ ಹತ್ತು ಸಲ ಹೇಳಿದ್ದಳಲ್ಲ. ಅವನು ಕೇಳುತ್ತಿದ್ದ ಬ್ರಾಂಚಿನ ಜಿಎಂ ಕಟಾಫಿಗೂ ಅವನಿಗೂ ದೊಡ್ಡ ಅಂತರ. ಎಲ್ಲ ಸೀಟೂ ಜಿಎಂ ಆಗಿದ್ದರೂ ಅವನ ಮುಂದೆ ಇನ್ನೂ ಸಾವಿರಾರು ಜನ ಇದ್ದರು.

ಹಾಗಂತ ಮೀಸಲಾತಿ ಬಗ್ಗೆ ಪ್ರಶ್ನೆಯೇ ಇಲ್ಲ ಎಂದು ನಾನು ಅವಳಿಗೆ ಹೇಳಲಿಲ್ಲ. ಅನುಕೂಲಸ್ಥರನ್ನು ಹೊರಗಿಡುವ ಕೆನೆಪದರ, ಬಡತನದ ಅಳತೆ, ಒಂದು ಗುಂಪಿನ ಪಾಲನ್ನು ಅದರೊಳಗಿನ ಜಾತಿಗಳಿಗೆ ಹಂಚುವ ಒಳಮೀಸಲಾತಿ ಇವೆಲ್ಲ ನಿಜವಾದ ಪ್ರಶ್ನೆಗಳೇ. ಅವಳ ಸಮುದಾಯದವರೇ ಒಳಮೀಸಲಾತಿಗಾಗಿ ವರ್ಷಗಟ್ಟಲೆ ಹೋರಾಡಿದ್ದಾರೆ. ಈ ಜಗಳ ಶುರುವಾದದ್ದೂ ಇದೇ ಊರಿನಿಂದ ಅನ್ನಬಹುದು. 1918ರಲ್ಲಿ ನಾಲ್ವಡಿಯವರು, ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಸಿಗುವ ದಾರಿ ನೋಡಲು ಮಿಲ್ಲರ್ ಸಮಿತಿ ನೇಮಿಸಿದಾಗ ದಿವಾನ್ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆ ಆಗಲಿಲ್ಲ. 1962ರಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್, ಮೆಡಿಕಲ್ ಸೀಟುಗಳಲ್ಲಿ ಶೇ 68 ಮೀಸಲಿಟ್ಟಾಗ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. "ನೂರು ವರ್ಷ ದಾಟಿದ ವಾದ ಇದು ಸವಿತಾ. ವಿಧಾನಸೌಧ ಇದೆ, ಕೋರ್ಟ್ ಇದೆ, ಅಲ್ಲಿ ನಡೆಯಲಿ. ಹಾಸ್ಟೆಲ್ ರೂಮಿನಲ್ಲಿ ಅದಕ್ಕೆ ನೀನು ಕಟಕಟೆ ಹತ್ತಬೇಕಾಗಿಲ್ಲ" ಎಂದೆ. ಮೊದಲ ಸಲ ಸ್ವಲ್ಪ ನಕ್ಕಳು.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಸ್ಕಾಲರ್‌ಶಿಪ್. ಅವತ್ತೇ ನನ್ನ ಕಂಪ್ಯೂಟರಿನಲ್ಲಿ ಕೂತು ಜಾತಿ, ಆದಾಯ ಪತ್ರದ ಆರ್‌ಡಿ ನಂಬರ್ ಹಾಕಿದೆವು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ, ಅದಕ್ಕೆ ಎರಡು ದಿನ ಹಿಡಿಯಿತು. ಕೊನೆ ದಿನಾಂಕಕ್ಕೆ ನಾಲ್ಕು ದಿನ ಉಳಿದಿತ್ತು.

ಎರಡನೆಯದು ಗಣಿತ. ಇಲ್ಲಿ ಸಿಹಿ ಮಾತಾಡಲು ಹೋಗಲಿಲ್ಲ. ಅವಳು ಹಿಂದೆ ಉಳಿದಿದ್ದದ್ದು ನಿಜ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವಳು. ಪಿಯುಸಿಯಲ್ಲಿ ಪಾಲಿನಾಮಿಯಲ್ ಅಂದರೆ ತಾನು ಓದಿದ ಬಹುಪದೋಕ್ತಿಯೇ ಎಂದು ತಿಳಿಯಲು ಮೂರು ವಾರ ಬೇಕಾಯಿತಂತೆ. ಇದು ತಲೆಯ ಕೊರತೆ ಹೇಗಾಗುತ್ತದೆ? ತುಂಬಬಹುದಾದ ಗ್ಯಾಪ್ ಅಷ್ಟೇ. ಆದರೆ ಕೇಳದೆ ತುಂಬುವುದಿಲ್ಲ. ಸೆಮಿಸ್ಟರ್ ಪರೀಕ್ಷೆಯಲ್ಲಿ ಕೋಟಾ ಇಲ್ಲ, ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ, ಪಾಸ್ ಮಾರ್ಕೂ ಒಂದೇ. ವಾರಕ್ಕೆ ಎರಡು ಸಂಜೆ ಸೀನಿಯರ್ ಒಬ್ಬಳ ಹತ್ತಿರ ಕೂರುವುದು ಎಂದು ಗೊತ್ತು ಮಾಡಿದೆವು. ಆ ಸೀನಿಯರ್ ಕೂಡ ಕನ್ನಡ ಮಾಧ್ಯಮದವಳು.

ಇನ್ನು ಆ ಪ್ರಶ್ನೆ. ಹಳೆಯ ಸುಳ್ಳನ್ನು ಹೋಗಿ ಒಪ್ಪಿಕೊಳ್ಳಬೇಕಾ ಎಂದು ಕೇಳಿದಳು. ಬೇಡ ಎಂದೆ. ಹೇಳಲೇಬೇಕಾದ ಸಾಲ ಅದಲ್ಲ. ಇನ್ನು ಮುಂದೆ ಸುಳ್ಳು ಬೇಡ, ಉತ್ತರವೂ ಬೇಡ. "ಸಿಇಟಿ ಮುಗೀತಲ್ಲ, ಈಗ ಸೆಮ್ ನೋಡೋಣ" ಅಂತ ಹೇಳು ಎಂದು ಹೇಳಿಕೊಟ್ಟೆ. ಪುಸ್ತಕದ ಮಾತಿನ ಹಾಗಿತ್ತು, ಅವಳ ಬಾಯಿಗೆ ಹೊಂದಲಿಲ್ಲ. ಮುಂದಿನ ವಾರ ತನ್ನದೇ ಒಂದನ್ನು ತಂದಳು: "ತಿಳ್ಕೊಂಡು ಏನ್ ಮಾಡೀಯೆ?" ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಪ್ರಿನ್ಸಿಪಾಲರಿಗೆ ನಾನೇ ಒಂದು ಪತ್ರ ಬರೆದೆ, ಅವಳ ಹೆಸರು ಹಾಕದೆ. ಕ್ಲಾಸಿನಲ್ಲಿ ಯಾರನ್ನೂ ಮೀಸಲು ವರ್ಗದವರು ಎಂದು ಗುರುತಿಸಿ ಕರೆಯುವುದನ್ನು ಯುಜಿಸಿಯ 2012ರ ನಿಯಮ ತಾರತಮ್ಯ ಎಂದೇ ಹೇಳುತ್ತದೆ. ನೋಟಿಸ್ ಬೋರ್ಡಿನ ಪಟ್ಟಿ ನಿಲ್ಲಿಸಿ, ಒಬ್ಬೊಬ್ಬರಿಗೆ ಮೆಸೇಜ್ ಕಳಿಸಿ ಎಂದು ಕೇಳಿದೆ. ಪಟ್ಟಿ ಬೋರ್ಡಿನಿಂದ ಇಳಿಯಿತು. ಆದರೆ ಆಫೀಸಿನ ಕಿಟಕಿಯಲ್ಲಿ ಹೆಸರು ಕೂಗುವುದು ಇನ್ನೂ ನಿಂತಿಲ್ಲ. ಆ ಬಗ್ಗೆ ಎರಡನೇ ಪತ್ರ ಹೋಗಿದೆ.

ಸವಿತಾ ಈಗ ಲ್ಯಾಬ್ ತಪ್ಪಿಸುವುದಿಲ್ಲ. ರೂಂಮೇಟ್ ಜೊತೆ ಅಂಥ ಸ್ನೇಹವೇನೂ ಬೆಳೆದಿಲ್ಲ, ಟೀ ಬಿಸ್ಕತ್ತಿನಷ್ಟು ಇದೆ. ನಮ್ಮ ಫಾರಂನಿಂದ ಆ ರ‍್ಯಾಂಕ್ ಕಾಲಂ ತೆಗೆಸಲು ಹೋದರೆ, ಐನೂರು ಪ್ರತಿ ಪ್ರಿಂಟ್ ಆಗಿಬಿಟ್ಟಿದೆ, ಮುಗಿಯಲಿ ಎಂದರು. ಹಾಗಾಗಿ ಈಗ ಯಾರಾದರೂ ಹೊಸಬರು ಒಳಗೆ ಬರುವ ಮೊದಲೇ ಆ ಸಾಲನ್ನು ನಾನೇ ಪೆನ್ನಿನಲ್ಲಿ ಹೊಡೆದು ಇಟ್ಟಿರುತ್ತೇನೆ.