ಟೇಪು ಹಿಡಿದವರು ಯಾರು?

ನಮಸ್ಕಾರ.

ನೀವು ಕಳಿಸಿದ 'ಕಾಡುನೆಲದ ಕಸ: ಒಂದು ಅಧ್ಯಯನ' ಓದಿದೆ. ಶಿರಸಿ ಹತ್ತಿರದ ಒಂದು ಸೊಪ್ಪಿನಬೆಟ್ಟ (ಅಡಿಕೆ ತೋಟಕ್ಕೆ ಸೊಪ್ಪು ತರುವ ಬೆಟ್ಟ), ಅದಕ್ಕೆ ತಾಗಿಕೊಂಡ ಕಾಡು, ಎರಡರಲ್ಲೂ ನೆಲಕ್ಕೆ ಬಿದ್ದ ಮರ, ಕೊಂಬೆ, ದರಕು ಅಂದರೆ ಒಣಗಿದ ಎಲೆ ಎಷ್ಟಿದೆ ಅಂತ ಅಳೆದು ಬರೆದಿದ್ದೀರಿ. ಕನ್ನಡದಲ್ಲಿ ಅಪರೂಪದ ವಿಷಯ. ಶ್ರಮ ಕಾಣುತ್ತದೆ, ಕಾಗುಣಿತ ಶುದ್ಧವಾಗಿದೆ. ಆದರೆ ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲಾರೆ. ಇದರಲ್ಲಿನ ಎರಡು ಸಂಗತಿ ಮನಸ್ಸಿಗೆ ಚುಚ್ಚುತ್ತಲೇ ಇವೆ. ಅವನ್ನಷ್ಟೇ ಬರೆಯುತ್ತೇನೆ.

ಮೊದಲನೆಯದಕ್ಕೆ ಮೂರನೇ ಪುಟ ತೆಗೆಯಿರಿ. 'ರೇಖಾ ಛೇದನ ವಿಧಾನವನ್ನು ಅನುಸರಿಸಿ ಬಿದ್ದ ಮರಗಳ ಘನಗಾತ್ರವನ್ನು ಅಂದಾಜಿಸಲಾಯಿತು.' ಇಷ್ಟು ಹೇಳಿ ನೇರವಾಗಿ ಫಲಿತಾಂಶಕ್ಕೆ ಹೋಗಿದ್ದೀರಿ. ಅಂದಾಜಿಸಿದ್ದು ಯಾರು? ನೀವೇ ಅಲ್ವಾ? ಜೊತೆಗಿದ್ದ ಪತ್ರದಲ್ಲಿ ನೀವೇ ಹೇಳಿದ್ದೀರಿ, ಮಾರ್ಚ್ ಬಿಸಿಲಲ್ಲಿ 11 ದಿನ, ಇಬ್ಬರೇ, ಉಣುಗು ಕಚ್ಚಿಸಿಕೊಂಡು, ಮೊಣಕಾಲೂರಿ ಅಳೆದಿರಿ ಅಂತ. ಆ ಇಬ್ಬರು ಲೇಖನದೊಳಗೆ ಎಲ್ಲೂ ಇಲ್ಲ. 'ಅಂದಾಜಿಸಲಾಯಿತು', 'ದಾಖಲಿಸಲಾಯಿತು', 'ವಿಂಗಡಿಸಲಾಯಿತು.' ಯಾರೂ ಇಲ್ಲದ ಕಾಡಲ್ಲಿ ಟೇಪು ತಾನಾಗಿ ಹರಿದಾಡಿದ ಹಾಗಿದೆ.

ಆ ಒಂದು ಸಾಲಿನಲ್ಲಿ ನೀವು ಮುಚ್ಚಿಟ್ಟಿದ್ದು ಎಷ್ಟು ಚೆಂದದ ವಿಷಯ ಅಂತ ನಿಮಗೆ ಗೊತ್ತಿರಬೇಕು. ಟೇಪನ್ನು ನೆಟ್ಟಗೆ ಎಳೆಯುತ್ತೀರಿ. ಅದು ದಾಟುವ ಪ್ರತಿ ಕೊರಡಿನ ದಪ್ಪವನ್ನು, ದಾಟಿದ ಜಾಗದಲ್ಲೇ, ಅಳೆದು ಬರೆದುಕೊಳ್ಳುತ್ತೀರಿ. ಕೊರಡು ಎಷ್ಟು ಉದ್ದ ಅಂತ ನೋಡುವುದೇ ಬೇಡ! ಓದುಗ ಇಲ್ಲಿ ನಿಂತು ಕೇಳುತ್ತಾನೆ: ಉದ್ದ ಗೊತ್ತಿಲ್ಲದೆ ಎಷ್ಟು ಮರ ಇದೆ ಅಂತ ಹೇಗೆ ಹೇಳ್ತೀರಿ? ಉದ್ದದ ಕೊರಡು ಟೇಪಿಗೆ ಸಿಗುವ ಸಾಧ್ಯತೆ ಜಾಸ್ತಿ, ಗಿಡ್ಡದ್ದಕ್ಕೆ ಕಡಿಮೆ. ಹಾಗಾಗಿ ಉದ್ದದ ಲೆಕ್ಕ ಗೆರೆ ದಾಟುವುದರಲ್ಲೇ ಸೇರಿಹೋಗುತ್ತದೆ. ಈ ಎರಡು ವಾಕ್ಯ ನಿಮ್ಮ ಲೇಖನದಲ್ಲಿ ಇರಬೇಕಿತ್ತು.

ನಾನು ನಿಮ್ಮ ಕೋಷ್ಟಕದ ಒಂದು ಗೆರೆ ತೆಗೆದುಕೊಂಡು ಕಾಗದದ ಮೇಲೆ ಲೆಕ್ಕ ಹಾಕಿದೆ. 30 ಮೀಟರ್ ಗೆರೆ, ದಾಟಿದ್ದು ನಾಲ್ಕು ತುಂಡು: 8, 12, 20, 25 ಸೆಂಟಿಮೀಟರ್. ಒಂದೊಂದರ ವರ್ಗ ಮಾಡಿ ಕೂಡಿದರೆ 1233. ಅದನ್ನು ಪೈ ವರ್ಗದಿಂದ ಗುಣಿಸಿ, ಗೆರೆಯ ಉದ್ದದ 8 ಪಟ್ಟಿನಿಂದ ಭಾಗಿಸಿದರೆ ಹೆಕ್ಟೇರಿಗೆ ಸುಮಾರು 51 ಘನ ಮೀಟರ್. ಅದರಲ್ಲಿ ಅರ್ಧ ಆ 25 ಸೆಂಟಿಮೀಟರಿನ ಒಂದೇ ಕೊರಡಿನದು. ಟೇಪನ್ನು ನಾಲ್ಕು ಹೆಜ್ಜೆ ಆಚೆ ಎಳೆದಿದ್ದರೆ ಅದು ತಪ್ಪಿಹೋಗುತ್ತಿತ್ತು. ಅಷ್ಟೊಂದು ಗೆರೆ ಯಾಕೆ ಎಳೆದಿರಿ ಅನ್ನುವುದು ನನಗೆ ಆಗ ಅರ್ಥವಾಯಿತು. ಗಾಳಿಗೆ ಬಿದ್ದ ಮರಗಳು ಒಂದೇ ಕಡೆ ತಲೆ ಹಾಕಿ ಮಲಗಿರುತ್ತವೆ, ಒಂದೇ ದಿಕ್ಕಿನ ಗೆರೆಗೆ ಸಿಗದೆ ಹೋಗಬಹುದು, ಅದಕ್ಕೇ ಟೇಪನ್ನು ತ್ರಿಕೋನವಾಗಿ ಎಳೆಯುವುದು ಅನ್ನುವುದೂ ನಿಮ್ಮ ಅಡಿಟಿಪ್ಪಣಿಯಲ್ಲಿ ಸಿಕ್ಕಿತು. ಅಡಿಟಿಪ್ಪಣಿಯಲ್ಲಿ!

ನಾನು ಕೆಲಸ ಕಲಿತದ್ದು ಒಂದು ಸಣ್ಣ ವಾರಪತ್ರಿಕೆಯಲ್ಲಿ. ಒಂದು ಮಳೆಗಾಲ 'ಭಾರಿ ಮರವೊಂದು ಉರುಳಿ ಸಂಚಾರಕ್ಕೆ ಅಡ್ಡಿಯಾಯಿತು' ಅಂತ ಬರೆದು ಕೊಟ್ಟೆ. ಸಂಪಾದಕರು 'ಭಾರಿ'ಗೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ, 'ಎಷ್ಟು?' ಅಂದರು. ನಾನು ಮರ ನೋಡಿರಲಿಲ್ಲ. ಬಸ್ಸಿನವರು ಹೇಳಿದ್ದನ್ನು ಬರೆದಿದ್ದೆ. ಪಕ್ಕದ ದರ್ಜಿ ಅಂಗಡಿಯಿಂದ ಟೇಪು ತರಿಸಿ, ನನ್ನ ಕೈಗಿಟ್ಟು, ಮುಂದಿನ ಬಸ್ಸಿಗೆ ಕಳಿಸಿದರು. ಒಂದೂವರೆ ಮೀಟರ್ ಟೇಪು. ಮರ ಸುತ್ತಲು ಸಾಲಲಿಲ್ಲ. ಅದು ಮುಗಿದ ಜಾಗಕ್ಕೆ ಹೆಬ್ಬೆಟ್ಟು ಒತ್ತಿ, ಮತ್ತೆ ಅಲ್ಲಿಂದ ಸುತ್ತಬೇಕು. ಕೈಯನ್ನು ಮರದಡಿ ತೂರಿಸಲು ಕೆಸರಲ್ಲಿ ಮಲಗಿದೆ. ಮುರಿದ ಬುಡದ ಹತ್ತಿರ ನನ್ನ ಮುಖ ಬಂದಾಗ ಕಂಡಿತು, ಒಳಗೆ ಪೂರಾ ಟೊಳ್ಳು. ಒದ್ದೆ ಮಣ್ಣಿನ ವಾಸನೆ, ಇರುವೆ ಸಾಲು. ಎಷ್ಟೋ ವರ್ಷದಿಂದ ಒಳಗೊಳಗೇ ಲಡ್ಡಾಗುತ್ತಾ, ಕೊಳೆಯುತ್ತಾ ಬಂದಿದ್ದ ಮರ ಅದು. ಗಾಳಿ ಕೊನೆಗೆ ಬಂದಿತ್ತು, ಅಷ್ಟೇ. ವಾಪಸ್ ಬಂದು ವರದಿಯನ್ನು ಮೊದಲಿನಿಂದ ಬರೆದೆ. ಸಂಪಾದಕರು ಏನೂ ಹೇಳಲಿಲ್ಲ, ಓದಿ ಅಚ್ಚಿಗೆ ಕಳಿಸಿದರು.

ನಿಮ್ಮ ಮುಂದಿನ ಸಾಲು ಓದುವಾಗ ಆ ದಿನ ನೆನಪಾಯಿತು. 'ವಿಘಟನೆಯ ವಿವಿಧ ಹಂತಗಳನ್ನು ದಾಖಲಿಸಲಾಯಿತು.' ನೀವು ಮಾಡಿದ್ದು ಏನು? ಚಾಕು ಚುಚ್ಚಿ ನೋಡಿದಿರಿ. ತೊಗಟೆ ಬಿಡದ, ಚಾಕು ಇಳಿಯದ ಗಟ್ಟಿ ಮರ 1ನೇ ದರ್ಜೆ. ಕೈಯಲ್ಲಿ ಪುಡಿಯಾಗಿ ಮಣ್ಣಿಗೆ ಸೇರುತ್ತಿರುವುದು 5ನೇ ದರ್ಜೆ. ಲಡ್ಡಾದ ಕೊರಡು ನೋಡಲು ಅಷ್ಟೇ ದಪ್ಪ ಇದ್ದರೂ ತೂಕ ತುಂಬಾ ಕಡಿಮೆ. ಗಾತ್ರದಿಂದ ತೂಕಕ್ಕೆ, ತೂಕದಿಂದ ಇಂಗಾಲಕ್ಕೆ ಹೋಗಬೇಕಾದರೆ ಆ ಚಾಕುವಿಲ್ಲದೆ ಆಗುವುದಿಲ್ಲ. ಹಾಗೇ ಬರೆಯಿರಿ. 'ಸೂಕ್ಷ್ಮ ಮತ್ತು ಸ್ಥೂಲ ಇಂಧನ' ಅನ್ನುವುದೂ ಬೇಡ. ಬಚ್ಚಲೊಲೆ ಹೊತ್ತಿಸಿದ ಯಾರಿಗೂ ದರಕು, ಪುಳ್ಳೆ, ಸೌದೆ, ಕೊರಡು ಬೇರೆ ಬೇರೆ ಅಂತ ಗೊತ್ತು. ಬೆಂಕಿ ತಜ್ಞರ ವಿಂಗಡಣೆಯೂ ಅದೇ ದಾರಿಯದು. 6 ಮಿಲಿಮೀಟರಿಗಿಂತ ತೆಳ್ಳಗಿನ ಪುಳ್ಳೆಯನ್ನು ಒಂದು ಗಂಟೆಯ ಇಂಧನ ಅನ್ನುತ್ತಾರೆ, 7.6 ಸೆಂಟಿಮೀಟರಿಗಿಂತ ದಪ್ಪದ್ದನ್ನು ಸಾವಿರ ಗಂಟೆಯದು. ಸುತ್ತಲ ಗಾಳಿಯ ತೇವ ಬದಲಾದಾಗ ಅದಕ್ಕೆ ತಕ್ಕಂತೆ ಬಹುಪಾಲು ಒಣಗಲು ಹಿಡಿಯುವ ಹೊತ್ತು ಅದು.

ಎರಡನೆಯದು ಒಂದೇ ಒಂದು ಪದ. ಕಸ. ಶೀರ್ಷಿಕೆಯಲ್ಲಿದೆ, ಒಳಗೆ ಮತ್ತೆ 14 ಸಲ ಇದೆ. ನಾನು ಎಣಿಸಿದೆ.

ಈ ಪದ ಎಲ್ಲಿಂದ ಬಂತು ಅಂತ ಯೋಚಿಸಿದ್ದೀರಾ? ನೀವು ಬಳಸಿದ ವಿಧಾನವನ್ನು 1964ರಲ್ಲಿ ನ್ಯೂಜಿಲೆಂಡಿನಲ್ಲಿ ವಾರೆನ್ ಮತ್ತು ಓಲ್ಸನ್ ಅನ್ನುವವರು ರೂಪಿಸಿದರು. ಮರ ಕಡಿದು ಸಾಗಿಸಿದ ಮೇಲೆ ಎಷ್ಟು ದಿಮ್ಮಿ ಸುಮ್ನೆ ಬಿದ್ದು ಹಾಳಾಗುತ್ತಿದೆ ಅನ್ನುವುದು ಅವರಿಗೆ ಬೇಕಿತ್ತು. ಅವರ ಪಾಲಿಗೆ ಅದು ಕಸವೇ, ನಷ್ಟವೇ. 1968ರಲ್ಲಿ ಕೆನಡಾದ ವ್ಯಾನ್ ವ್ಯಾಗ್ನರ್ ಅದೇ ಲೆಕ್ಕವನ್ನು ಕಾಡ್ಗಿಚ್ಚಿನ ಕೆಲಸಕ್ಕೆ ತೆಗೆದುಕೊಂಡರು. ಅವರಿಗೆ ಅದು ಇಂಧನ. ಟೇಪಿನ ಜೊತೆ ಆ ನ್ಯೂಜಿಲೆಂಡಿನವರ ಪದವೂ ನಿಮ್ಮ ಚೀಲದಲ್ಲಿ ಬಂದುಬಿಟ್ಟಿದೆ. ಶಿರಸಿಯ ಕಡೆ 1 ಎಕರೆ ಅಡಿಕೆ ತೋಟಕ್ಕೆ 9 ಎಕರೆ ತನಕ ಬೆಟ್ಟ ಅಂತ ಲೆಕ್ಕ ಇಟ್ಟಿದ್ದು ಯಾತಕ್ಕೆ? ಈ ಸೊಪ್ಪಿಗೆ, ಈ ದರಕಿಗೆ. ಅದು ಕೊಟ್ಟಿಗೆಗೆ ಹೋಗಿ, ದನದ ಕಾಲಡಿ ಗೊಬ್ಬರವಾಗಿ, ತೋಟ ಸೇರುತ್ತದೆ. ಬೆಳಗಾಗುವ ಮೊದಲು ಬುಟ್ಟಿ ಹಿಡಿದು ಬೆಟ್ಟಕ್ಕೆ ಹೋಗುವ ಹೆಂಗಸರು ಕಸ ಹೊರುತ್ತಿದ್ದಾರೆ ಅಂತ ಅವರ ಎದುರಿಗೆ ಹೇಳಬಲ್ಲಿರಾ? ಬೆಟ್ಟದಲ್ಲಿ ಕಾಡಿಗಿಂತ ಬಿದ್ದ ಮರ ಕಡಿಮೆ ಅಂತ ಕಂಡುಹಿಡಿದವರು ನೀವೇ. ಯಾಕೆ ಕಡಿಮೆ ಅಂತ ಬರೆಯುವಾಗ ಮಾತ್ರ 'ಮಾನವ ಹಸ್ತಕ್ಷೇಪ' ಅಂದಿರಿ. ಆ ಹಸ್ತ ಯಾರದು, ಒಯ್ದದ್ದು ಯಾವ ಮನೆಗೆ, ಯಾವ ಒಲೆಗೆ, ಹೋಗಿ ಕೇಳಿ.

ಕೊನೆಯ ಪುಟದಲ್ಲಿ ಸಣ್ಣ ವಾಕ್ಯ ಒಂದಿದೆ. 'ದರಕು ಕಾಲು ಸುಡುತ್ತಿದ್ದರೂ ಲಡ್ಡು ಕೊರಡಿನೊಳಗೆ ಬೆರಳಿಟ್ಟಾಗ ತಣ್ಣಗಿತ್ತು.' ಅಷ್ಟು ಹೊತ್ತು ಹುಡುಕುತ್ತಿದ್ದ ಮನುಷ್ಯ ಅಲ್ಲಿ ಸಿಕ್ಕರು. ಮಳೆಗಾಲದಲ್ಲಿ ಕುಡಿದ ನೀರನ್ನು ಆ ಕೊರಡು ಮಾರ್ಚ್‌ವರೆಗೂ ಇಟ್ಟುಕೊಂಡಿತ್ತು. ಲೇಖನ ಅಲ್ಲಿಂದ ಶುರುವಾಗಲಿ. ಅದು ಯಾವ ಮರ, ಮತ್ತಿಯೋ ಹೊನ್ನೆಯೋ, ಎಷ್ಟು ದಪ್ಪ, ಎಷ್ಟನೇ ಗೆರೆಯಲ್ಲಿ ಸಿಕ್ಕಿತು, ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಮತ್ತೆ ಕಳಿಸುವಾಗ ಆ ಪುಸ್ತಕದ ಪುಟಗಳ ಪ್ರತಿಯನ್ನೂ ಜೊತೆಗಿಡಿ. ನಾನು ಓದಬೇಕು.