ಅನರ್ಹರು ನಾಲ್ಕೇ ತಿಂಗಳಲ್ಲಿ ಅರ್ಹರಾದದ್ದು ಹೇಗೆ?

ರಟ್ಟೀಹಳ್ಳಿಯ ಓದುಗರೊಬ್ಬರ ಪತ್ರದ ಸಾರ: "ನಮ್ಮ ಹಾವೇರಿ ಜಿಲ್ಲಾದಾಗ 2019ರಾಗ ಇಬ್ಬರು ಎಮ್ಮೆಲ್ಲೆಗಳು ಅನರ್ಹ ಆದ್ರು. ಒಬ್ರು ನಾಕ ತಿಂಗಳದಾಗ ಮತ್ತ ಗೆದ್ದು ಮಂತ್ರಿ ಆದ್ರು. ಇನ್ನೊಬ್ರು ಜನರ ಮುಂದ ಹೋಗದನ ಮಂತ್ರಿ ಆದ್ರು. ಪಕ್ಷದಿಂದ ಹೊರಗ ಹಾಕಿಸಿಕೊಂಡವರ ಸೀಟು ಮಾತ್ರ ಹಂಗ ಐತಿ. ಇದ್ಯಾವ ಕಾನೂನ್ರೀ? ನಮ್ಮಂಥ ಮತದಾರರಿಗೆ ಏನೂ ಮಾಡಾಕ ಬರಂಗಿಲ್ಲೇನು?"

ಮಾನ್ಯರೇ,

ನಿಮ್ಮ ಸಿಟ್ಟು ನ್ಯಾಯವಾದದ್ದು. ಸಂವಿಧಾನದ 10ನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ ಕಾನೂನು, 1985ರಲ್ಲಿ ಬಂತು. ಅದರ ಪ್ರಕಾರ ಪಕ್ಷದ ಟಿಕೆಟ್‌ ಮೇಲೆ ಗೆದ್ದ ಶಾಸಕ ಎರಡು ಕಾರಣಕ್ಕೆ ಸ್ಥಾನ ಕಳೆದುಕೊಳ್ಳುತ್ತಾನೆ. ಒಂದು, ಪಕ್ಷದ ಸದಸ್ಯತ್ವವನ್ನು ಸ್ವಇಚ್ಛೆಯಿಂದ ಬಿಟ್ಟುಕೊಡುವುದು. ಎರಡು, ವಿಪ್ (ಸದನದಲ್ಲಿ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಮೀರಿ ಮತ ಹಾಕುವುದು ಇಲ್ಲವೇ ಹಾಕದೇ ಉಳಿಯುವುದು. ಆದರೆ 15 ದಿನದೊಳಗೆ ಪಕ್ಷ ಮನ್ನಿಸಿದರೆ ಅದು ಅಲ್ಲಿಗೇ ಮುಗಿಯಿತು. ಅನರ್ಹನಾದವನು ಮತ್ತೆ ಚುನಾವಣೆಗೆ ನಿಲ್ಲಬಾರದು ಎಂದು ಈ ಅನುಸೂಚಿಯಲ್ಲಿ ಎಲ್ಲೂ ಇಲ್ಲ. ಹೋಗುವುದು ಆ ಕುರ್ಚಿ ಮಾತ್ರ.

2019ರ ಜುಲೈ 25 ಮತ್ತು 28ರಂದು ಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರ್ ಕಾಂಗ್ರೆಸ್–ಜೆಡಿಎಸ್ ಮೈತ್ರಿಯ ಕಡೆಯ 17 ಶಾಸಕರನ್ನು ಅನರ್ಹಗೊಳಿಸಿದರು. 2023ರಲ್ಲಿ ವಿಧಾನಸಭೆಯ ಅವಧಿ ಮುಗಿಯುವವರೆಗೂ ಅವರು ಸ್ಪರ್ಧಿಸುವಂತಿಲ್ಲ ಎಂದೂ ಆದೇಶದಲ್ಲಿ ಬರೆದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು. ರಾಜೀನಾಮೆ ಕೊಟ್ಟ ಮಾತ್ರಕ್ಕೆ ಅದಕ್ಕೂ ಮೊದಲಿನ ಪಕ್ಷಾಂತರ ಅಳಿಸಿಹೋಗುವುದಿಲ್ಲ ಎಂದಿತು. ಆದರೆ ಅವಧಿ ಗೊತ್ತುಮಾಡುವ ಅಧಿಕಾರ ಸಭಾಧ್ಯಕ್ಷರಿಗಿಲ್ಲ ಎಂದು ಸ್ಪರ್ಧೆಯ ನಿಷೇಧವನ್ನು ತೆಗೆದುಹಾಕಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಬಿಜೆಪಿ 13 ಅನರ್ಹರಿಗೆ ಟಿಕೆಟ್ ಕೊಟ್ಟಿತ್ತು, ಗೆದ್ದವರು 11.

ಇನ್ನೊಂದು ಲೆಕ್ಕ ನೋಡಿ, ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. 224 ಸದಸ್ಯರ ಸದನದಲ್ಲಿ ಬಹುಮತಕ್ಕೆ 113 ಬೇಕು. 17 ಕುರ್ಚಿ ಖಾಲಿಯಾದರೆ ಉಳಿಯುವುದು 207, ಆಗ 104 ಸಾಕು. ಬಿಜೆಪಿಯ ಬಳಿ 105 ಇತ್ತು. ಅಂದರೆ ಈ ಶಾಸಕರು ಬಿಜೆಪಿ ಪರ ಕೈ ಎತ್ತಲೇ ಬೇಕಿರಲಿಲ್ಲ, ಸದನಕ್ಕೆ ಬಾರದಿದ್ದರೆ ಸಾಕಿತ್ತು. ಜುಲೈ 23ರಂದು ಮೈತ್ರಿ ಸರ್ಕಾರ 99–105ರಿಂದ ವಿಶ್ವಾಸಮತ ಸೋತದ್ದು ಹಾಗೆಯೇ. ಮೊದಲು ಪಕ್ಷದ ಮೂರನೇ ಒಂದು ಪಾಲು ಶಾಸಕರು ಒಡೆದು ಹೋದರೆ ಅನರ್ಹತೆ ತಟ್ಟುತ್ತಿರಲಿಲ್ಲ. 2003ರ 91ನೇ ತಿದ್ದುಪಡಿ ಆ ದಾರಿ ಮುಚ್ಚಿತು. ಈಗ ಉಳಿದದ್ದು ಮೂರರಲ್ಲಿ ಎರಡು ಪಾಲಿನ ವಿಲೀನ ಮಾತ್ರ. ಅಷ್ಟು ಮಂದಿಯನ್ನು ಒಟ್ಟುಗೂಡಿಸುವುದು ಕಷ್ಟ. ಹಾಗಾಗಿ ಪಕ್ಷಗಳು ರಾಜೀನಾಮೆ ಕೊಡಿಸಿ ಸದನವನ್ನೇ ಕುಗ್ಗಿಸುವ ಹಾದಿ ಹಿಡಿದವು.

ಅದೇ ತಿದ್ದುಪಡಿ ಇನ್ನೊಂದು ಬೇಲಿಯನ್ನೂ ಹಾಕಿತ್ತು: ಅನರ್ಹನಾದವನು ತನ್ನ ಅವಧಿ ಮುಗಿಯುವತನಕ ಇಲ್ಲವೇ ಮತ್ತೆ ಆಯ್ಕೆಯಾಗುವತನಕ ಮಂತ್ರಿಯಾಗುವಂತಿಲ್ಲ. ನಿಮ್ಮ ಎರಡನೇ ಸಂಶಯಕ್ಕೆ ಉತ್ತರ ಇಲ್ಲಿದೆ. ರಾಣೆಬೆನ್ನೂರಿನ ಆರ್. ಶಂಕರ್ ಉಪಚುನಾವಣೆಗೆ ನಿಲ್ಲಲಿಲ್ಲ, ಟಿಕೆಟ್ ಅರುಣಕುಮಾರ ಗುತ್ತೂರ ಅವರಿಗೆ ಹೋಯಿತು. 2020ರಲ್ಲಿ ಶಂಕರ್ ಶಾಸಕರು ಆರಿಸುವ ಸ್ಥಾನದಿಂದ ಅವಿರೋಧವಾಗಿ ವಿಧಾನ ಪರಿಷತ್ತಿಗೆ ಬಂದರು. ಅದು ಚುನಾವಣೆಯೇ ಆದ್ದರಿಂದ ಬೇಲಿ ಸರಿಯಿತು, 2021ರ ಜನವರಿಯಲ್ಲಿ ಮಂತ್ರಿಯಾದರು. ಅದೇ 17 ಮಂದಿಯಲ್ಲಿ ಒಬ್ಬರಾದ ಎ.ಎಚ್. ವಿಶ್ವನಾಥ್ ಅವರೂ ಪರಿಷತ್ತಿಗೆ ಬಂದರು, ಆದರೆ ನಾಮನಿರ್ದೇಶನಗೊಂಡು. ನಾಮನಿರ್ದೇಶನ ಆಯ್ಕೆಯಾಗುವುದಿಲ್ಲ, ಅವರು ಮಂತ್ರಿಯಾಗುವಂತಿಲ್ಲ ಎಂದು 2020ರ ನವೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು. ಜನರ ಮುಂದೆ ಹೋಗದವರಲ್ಲೂ ಒಬ್ಬರಿಗೆ ಬಾಗಿಲು ತೆರೆಯಿತು, ಇನ್ನೊಬ್ಬರಿಗೆ ಮುಚ್ಚಿತು. 'ಆಯ್ಕೆ' ಎಂದರೆ ಜನರ ಮತದಿಂದಾದ ಆಯ್ಕೆ ಎಂದು ಬರೆಯದೇ ಬಿಟ್ಟದ್ದು ತಿದ್ದುಪಡಿಯ ದೊಡ್ಡ ಲೋಪ.

ಪಕ್ಷಗಳಿಗೆ ಇದರಿಂದ ಏನಾಯಿತು ಎಂಬುದಕ್ಕೆ ದೂರ ಹೋಗುವುದು ಬೇಡ, ನಿಮ್ಮ ಹಿರೇಕೆರೂರ ಕ್ಷೇತ್ರವೇ ಸಾಕು. 2018ರಲ್ಲಿ ಕಾಂಗ್ರೆಸ್ಸಿನ ಬಿ.ಸಿ. ಪಾಟೀಲರು ಬಿಜೆಪಿಯ ಯು.ಬಿ. ಬಣಕಾರರನ್ನು ಸೋಲಿಸಿದ್ದು ಕೇವಲ 555 ಮತಗಳಿಂದ. ಅಷ್ಟು ಬಿಗಿಯಾದ ಕ್ಷೇತ್ರದಲ್ಲಿ ಬೂತ್ ಏಜೆಂಟನಾಗಿ ಕೂತವನಿಗೆ ತನ್ನ ಓಣಿಯ ಒಂದೊಂದು ಮನೆಯ ಮತವೂ ಗೊತ್ತಿರುತ್ತದೆ. ಒಂದೂವರೆ ವರ್ಷದ ನಂತರ ಬಿಜೆಪಿ ಕಾರ್ಯಕರ್ತರ ಕೈಗೆ ಅದೇ ಪಾಟೀಲರ ಫೋಟೊ ಇರುವ ಕರಪತ್ರ ಬಂತು, ಚಿಹ್ನೆ ಮಾತ್ರ ಕಮಲ. ಅತ್ತ ಕಾಂಗ್ರೆಸ್ ಕಾರ್ಯಕರ್ತರು ತಾವೇ ಗೆಲ್ಲಿಸಿದವರ ವಿರುದ್ಧ ಮನೆಮನೆ ತಿರುಗಬೇಕಾಯಿತು. ಪಾಟೀಲರು ದೊಡ್ಡ ಅಂತರದಿಂದ ಗೆದ್ದು ಮಂತ್ರಿಯಾದರು. ಮುಂದೆ ಬಣಕಾರರು ಕಾಂಗ್ರೆಸ್ ಸೇರಿ 2023ರಲ್ಲಿ ಪಾಟೀಲರನ್ನೇ ಸೋಲಿಸಿದರು. ಐದು ವರ್ಷದಲ್ಲಿ ಇಬ್ಬರು ಎದುರಾಳಿಗಳು ಪಕ್ಷ ಅದಲುಬದಲು ಮಾಡಿಕೊಂಡರು. ಎರಡೂ ಪಕ್ಷಗಳ ತಳಮಟ್ಟದ ಸಂಘಟನೆ ವ್ಯಕ್ತಿಗಳ ಹಿಂದೆ ಹರಿದು ಹಂಚಿಹೋಯಿತು. ಕಾನೂನು ಶಾಸಕನನ್ನು ಹಿಡಿಯುತ್ತದೆ. ಕರೆದು ಟಿಕೆಟ್ ಕೊಟ್ಟ ಪಕ್ಷಕ್ಕೆ ಅದು ಏನನ್ನೂ ಮಾಡುವುದಿಲ್ಲ, ನನಗೆ ಅತ್ಯಂತ ನೋವಾಗುವುದು ಇಲ್ಲಿ.

ಇನ್ನು ಉಚ್ಚಾಟನೆ. 2025ರ ಮಾರ್ಚ್‌ನಲ್ಲಿ ಬಸನಗೌಡ ಪಾಟೀಲ ಯತ್ನಾಳರನ್ನೂ, ಮೇ ತಿಂಗಳಲ್ಲಿ ಯಲ್ಲಾಪುರದ ಶಿವರಾಮ ಹೆಬ್ಬಾರ್ ಮತ್ತು ಯಶವಂತಪುರದ ಎಸ್.ಟಿ. ಸೋಮಶೇಖರ್ ಅವರನ್ನೂ ಬಿಜೆಪಿ ಹೊರಹಾಕಿತು. ಹೊರದಬ್ಬಿಸಿಕೊಂಡವನು ತಾನಾಗಿ ಪಕ್ಷ ಬಿಟ್ಟವನಲ್ಲ, ಆದ್ದರಿಂದ ಅಷ್ಟಕ್ಕೇ ಸ್ಥಾನ ಹೋಗುವುದಿಲ್ಲ. ಆದರೆ ಅವನು ಸ್ವತಂತ್ರನೂ ಅಲ್ಲ: ಟಿಕೆಟ್ ಕೊಟ್ಟ ಪಕ್ಷದವನೆಂದೇ ಲೆಕ್ಕ, ಬೇರೆ ಪಕ್ಷ ಸೇರಿದರೆ ಅನರ್ಹತೆ ತಪ್ಪದು ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ರಾಜ್ಯಸಭಾ ಚುನಾವಣೆಯ ಅಡ್ಡಮತಕ್ಕೂ (ಬೇರೆ ಪಕ್ಷದ ಅಭ್ಯರ್ಥಿಗೆ ಹಾಕುವ ಮತ) 10ನೇ ಅನುಸೂಚಿ ಅನ್ವಯಿಸದು. ಅಲ್ಲಿ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿಯೇ ಹಾಕಬೇಕು, ಆದರೂ ಅದು ಸದನದ ಕಲಾಪದ ಮತವಲ್ಲ.

ಕ್ರಿಮಿನಲ್ ಶಿಕ್ಷೆಯಿಂದಾಗುವ ಅನರ್ಹತೆ ಬೇರೆಯೇ. ಅಲ್ಲಿ ಎರಡು ವರ್ಷ ಇಲ್ಲವೇ ಹೆಚ್ಚಿನ ಶಿಕ್ಷೆಯಾದರೆ ಸ್ಥಾನ ಹೋಗುವುದಷ್ಟೇ ಅಲ್ಲ, ಬಿಡುಗಡೆಯ ನಂತರ ಇನ್ನೂ 6 ವರ್ಷ ಸ್ಪರ್ಧಿಸುವಂತಿಲ್ಲ. ಕೋಲಾರದ ಭಾಷಣದ ಪ್ರಕರಣದಲ್ಲಿ ರಾಹುಲ್ ಗಾಂಧಿಯವರ ಸದಸ್ಯತ್ವ 2023ರ ಮಾರ್ಚ್‌ನಲ್ಲಿ ಹೋಗಿ ಆಗಸ್ಟ್‌ನಲ್ಲಿ ಮರಳಿದ್ದು, ಸುಪ್ರೀಂ ಕೋರ್ಟ್ ದೋಷನಿರ್ಣಯಕ್ಕೇ ತಡೆ ಕೊಟ್ಟದ್ದರಿಂದ. ಬರೀ ಶಿಕ್ಷೆ ಅಮಾನತಾದರೆ ಸಾಲದು.

ಮತದಾರರು ಏನು ಮಾಡಬಹುದು ಎಂದಿರಿ. ಸಾಮಾನ್ಯವಾಗಿ ಸಭಾಧ್ಯಕ್ಷರಿಗೆ ದೂರು ಕೊಡುವುದು ಇನ್ನೊಬ್ಬ ಶಾಸಕ. ಆದರೆ ಒಡಿಶಾದಲ್ಲಿ ಒಂದು ಪಕ್ಷದ ಶಾಸಕರೆಲ್ಲರೂ ಹೋಗಿಬಿಟ್ಟಾಗ ದೂರು ಕೊಡಲು ಸದನದಲ್ಲಿ ಆ ಪಕ್ಷದವರೇ ಉಳಿಯಲಿಲ್ಲ. ಆಗ, 2013ರಲ್ಲಿ, ಸಂಬಂಧಪಟ್ಟ ಯಾರೇ ಆದರೂ ದೂರು ಸಲ್ಲಿಸಬಹುದೆಂದು ಸುಪ್ರೀಂ ಕೋರ್ಟ್ ಹೇಳಿತು. ಸಲ್ಲಿಸುವುದಾದರೆ ಘಟನೆಗಳನ್ನು ದಿನಾಂಕದ ಸಮೇತ ಬರೆಯಿರಿ, ಆಧರಿಸಿದ ಕಾಗದಪತ್ರಗಳ ಪ್ರತಿ ಲಗತ್ತಿಸಿ, ದೂರಿಗೂ ಲಗತ್ತುಗಳಿಗೂ ಸಹಿ ಮಾಡಿ ಸತ್ಯಾಪನೆ ಬರೆಯಿರಿ. ಪತ್ರಿಕೆಯ ತುಣುಕೊಂದನ್ನೇ ನಂಬಿಕೊಳ್ಳಬೇಡಿ. ಬೇರೆ ಪಕ್ಷದ ವೇದಿಕೆಯಲ್ಲಿ ಮಾತಾಡಿದ ವಿಡಿಯೊ, ಸ್ವಂತ ಸಹಿಯ ಪತ್ರ ಇದ್ದರೆ ಗಟ್ಟಿ. ಪಕ್ಷ ಬಿಟ್ಟದ್ದನ್ನು ನಡತೆಯಿಂದಲೂ ನಿರ್ಧರಿಸಬಹುದೆಂದು 1994ರಿಂದಲೂ ತೀರ್ಪು ಇದೆ.

ಅವಸರ ಮಾಡಿದರೂ ಕೆಲಸ ಕೆಡುತ್ತದೆ. 2010ರ ಅಕ್ಟೋಬರ್ 6ರಂದು ಬಿಜೆಪಿ ಮತ್ತು ಪಕ್ಷೇತರ ಶಾಸಕರು ಯಡಿಯೂರಪ್ಪನವರಿಗೆ ಕೊಟ್ಟ ಬೆಂಬಲ ಹಿಂಪಡೆದು ರಾಜ್ಯಪಾಲರಿಗೆ ಪತ್ರ ಕೊಟ್ಟರು. ನಿಯಮದಲ್ಲಿ ಉತ್ತರಕ್ಕೆ 7 ದಿನ ಇದ್ದರೂ ಸಭಾಧ್ಯಕ್ಷ ಕೆ.ಜಿ. ಬೋಪಯ್ಯ 10ರ ಸಂಜೆಯವರೆಗೆ ಮಾತ್ರ ಸಮಯ ಕೊಟ್ಟು, 11ರ ವಿಶ್ವಾಸಮತಕ್ಕೂ ಮೊದಲೇ 16 ಮಂದಿಯನ್ನು ಅನರ್ಹಗೊಳಿಸಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಆ ಆದೇಶ ರದ್ದುಮಾಡಿತು. ಮುಖ್ಯಮಂತ್ರಿಯನ್ನು ವಿರೋಧಿಸಿದ್ದು ಪಕ್ಷ ಬಿಟ್ಟಂತಲ್ಲ ಎಂಬುದೂ ಅದರಲ್ಲಿತ್ತು.

ದೂರು ಕೊಟ್ಟು ಕೂತರೆ ವರ್ಷಗಟ್ಟಲೆ ಧೂಳು ತಿನ್ನುವುದೂ ಉಂಟು. 2020ರ ಜನವರಿಯಲ್ಲಿ ಮಣಿಪುರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂರು ತಿಂಗಳ ಗಡುವು ಹೇಳಿತು, 2025ರ ಜುಲೈನಲ್ಲಿ ತೆಲಂಗಾಣದ ಸಭಾಧ್ಯಕ್ಷರಿಗೂ ಅಷ್ಟೇ ಸಮಯ ಕೊಟ್ಟಿತು. ಆದ್ದರಿಂದ ದೂರಿಗೆ ಸ್ವೀಕೃತಿ ಪಡೆದು ತಾರೀಖು ಗುರುತು ಹಾಕಿಕೊಳ್ಳಿ. ಮೂರು ತಿಂಗಳು ದಾಟಿದರೆ ಮುಂದಿನ ಅರ್ಜಿ ಹೈಕೋರ್ಟಿಗೆ, ಮತ್ತು ನಮ್ಮ ಭಾಗದವರು ಅದಕ್ಕಾಗಿ ಬೆಂಗಳೂರಿನ ಬಸ್ಸು ಹತ್ತಬೇಕೋ ಧಾರವಾಡದ ಪೀಠದಲ್ಲೇ ಹಾಕಬಹುದೋ ಎಂಬುದನ್ನು ವಕೀಲರ ಬಳಿ ಮೊದಲೇ ಕೇಳಿಟ್ಟುಕೊಳ್ಳಿ.

— ಸಂಪಾದಕ